ಬೊಮ್ಮಣ್ಣನ ಎಡಗಾಲ ಹೆಬ್ಬೆರಳು

ನಾನು ಓದು ನಿಲ್ಲಿಸಿದ್ದು ೧೯೧೮ರಲ್ಲಿ, ಮನೆಮನೆಗೂ ಜ್ವರ ನುಗ್ಗಿದ ವರ್ಷ. ಅಪ್ಪ ಹೋಗಿ ಹದಿನೈದು ದಿನಕ್ಕೆ ಸ್ಲೇಟನ್ನು ತಂಗಿಯ ಕೈಗೆ ಕೊಟ್ಟು, ಹುಣಸೂರಿನಲ್ಲಿ ಮರದ ವ್ಯಾಪಾರ ಮಾಡುತ್ತಿದ್ದ ಒಬ್ಬ ಸಾಹುಕಾರರ ಹತ್ತಿರ ದಿಮ್ಮಿಗಳ ತೊಗಟೆ ಸುಲಿಯುವ ಕೆಲಸಕ್ಕೆ ಸೇರಿದೆ. ಅಲ್ಲಿಂದ ಇಲ್ಲಿಯವರೆಗೆ ಯಾರ ಬಾಗಿಲಲ್ಲೂ ಕೈಚಾಚಿ ನಿಂತವನಲ್ಲ. ಇಪ್ಪತ್ತೆಂಟನೆಯ ವಯಸ್ಸಿಗೆ ಮೇಸ್ತ್ರಿಯಾದೆ. ಕಲಿತದ್ದು ನಾಲ್ಕು ಕ್ಲಾಸಾದರೂ ಅಕ್ಷರ ದುಂಡಗಿತ್ತು. ಕಾಡಿನ ಕೆಲಸದಲ್ಲಿ ಸಾಹುಕಾರರಿಗೆ ಏನು ವರದಿ ಹೋಗಬೇಕಾದರೂ ನಾನೇ ಬರೆಯಬೇಕಿತ್ತು. ಅದು ನನ್ನ ಹೆಮ್ಮೆಯಾಗಿತ್ತು. ಆ ಹೆಮ್ಮೆ ನನ್ನಿಂದ ಏನು ಬರೆಸಿತು ಎನ್ನುವುದನ್ನೂ ಇಲ್ಲಿ ಹೇಳಬೇಕಾಗಿದೆ.

ಬೊಮ್ಮಣ್ಣನಿಗೆ ಒಂದಕ್ಷರವೂ ಬರುತ್ತಿರಲಿಲ್ಲ. ಆದರೆ ಅವನ ಕಾಲಿನ ಹೆಬ್ಬೆರಳುಗಳನ್ನು ಒಂದು ಸಲ ನೋಡಿದವರು ಮರೆಯುವ ಹಾಗಿರಲಿಲ್ಲ. ಮಿಕ್ಕ ಬೆರಳುಗಳಿಂದ ದೂರ ಸರಿದು, ಜಗಳವಾಡಿ ಬೇರೆ ಮನೆ ಮಾಡಿದ ಅಣ್ಣನ ಹಾಗೆ ನಿಂತಿರುತ್ತಿದ್ದವು. ತುದಿ ಅಗಲ, ಸೌಟಿನ ಹಾಗೆ. ಆ ಬೆರಳುಗಳಿಂದ ಅವನು ನೆಲಕ್ಕೆ ಬಿದ್ದ ಬೀಡಿ ಎತ್ತಿಕೊಳ್ಳುತ್ತಿದ್ದ, ಹಗ್ಗದ ಗಂಟು ಬಿಚ್ಚುತ್ತಿದ್ದ. ಒಂದು ದಿನ ದಿಮ್ಮಿಯ ಮೇಲೆ ಕೂತು ಬರೆಯುವಾಗ ನನ್ನ ಪೆನ್ಸಿಲು ಜಾರಿಬಿತ್ತು. ಬಗ್ಗಲು ಹೋದರೆ ಅವನ ಕಾಲು ಆಗಲೇ ಪೆನ್ಸಿಲನ್ನು ಮೂಗಿನ ಮುಂದೆ ಹಿಡಿದಿತ್ತು.

"ತಗೋ ಮೇಸ್ತ್ರಿ. ಓದ್ದೋರು ಬಗ್ಗಬಾರ್ದು, ಅಕ್ಷರ ಉದುರೋಯ್ತವೆ" ಅಂದ.

ಬೊಮ್ಮಣ್ಣ ಮಾವುತ. ನನಗಿಂತ ಹದಿನೈದು ವರ್ಷ ದೊಡ್ಡವನು. ಹೆಗ್ಗಡದೇವನಕೋಟೆ ತಾಲ್ಲೂಕಿನ ಅಂತರಸಂತೆಯಿಂದಾಚೆ ನಮ್ಮ ಸಾಹುಕಾರರು ಮರ ಕಡಿಯಲು ಗುತ್ತಿಗೆ ಹಿಡಿದಿದ್ದರು. ಅಲ್ಲಿ ಕಡಿದ ತೇಗ, ಹೊನ್ನೆ, ಮತ್ತಿ ದಿಮ್ಮಿಗಳನ್ನು ಕಾಡಿನೊಳಗಿಂದ ಗಾಡಿದಾರಿಯವರೆಗೆ ಎಳೆದು ತಂದು ಒಟ್ಟುವುದು ಚಂದ್ರಿ ಎಂಬ ಹೆಣ್ಣಾನೆಯ ಕೆಲಸ. ಹದಿನಾರು ವರ್ಷದಿಂದ ಚಂದ್ರಿಯ ಕತ್ತಿನ ಮೇಲೆ ಕೂತವನು ಬೊಮ್ಮಣ್ಣ ಒಬ್ಬನೇ. ಅವನ ಹೆಂಡತಿಯ ತಮ್ಮ ಜವರ ಕಾವಾಡಿ, ಅಂದರೆ ಸೊಪ್ಪು ತರುವವನು, ಆನೆ ತೊಳೆಯುವವನು, ಸರಪಳಿ ಕಟ್ಟುವವನು.

ಮಾವುತನ ಕೆಲಸವೆಲ್ಲ ಕಾಲಿನಲ್ಲಿದೆ ಎಂದು ನನಗೆ ತಿಳಿದದ್ದು ಅವನಿಂದ. ಆನೆಯ ಎಡಗಿವಿಯ ಹಿಂದೆ ಎಡಗಾಲ ಹೆಬ್ಬೆರಳು ಒತ್ತಿದರೆ ಅದು ಬಲಕ್ಕೆ ತಿರುಗಬೇಕು. ಬಲಗಿವಿಯ ಹಿಂದೆ ಒತ್ತಿದರೆ ಎಡಕ್ಕೆ. ಎರಡೂ ಒತ್ತಿದರೆ ಮುಂದಕ್ಕೆ. ಬೇರೆ ಮಾವುತರು ಇಷ್ಟರ ಜೊತೆಗೆ ಕೂಗುತ್ತಿದ್ದರು, ಬಯ್ಯುತ್ತಿದ್ದರು, ಅಂಕುಶದಿಂದ ತಿವಿಯುತ್ತಿದ್ದರು. ಬೊಮ್ಮಣ್ಣ ಬೆಳಗಿನಿಂದ ಬೈಗಿನವರೆಗೆ ಬಾಯಿ ಬಿಡದೆ ಕೆಲಸ ಮುಗಿಸುತ್ತಿದ್ದ. ಅಂಕುಶ ಹೆಗಲ ಮೇಲಿರುತ್ತಿತ್ತು, ಹೊಸ ಟವೆಲಿನ ಹಾಗೆ, ಶೋಕಿಗೆ.

"ಅಷ್ಟು ದೊಡ್ಡ ಕಿವಿ ಕೊಟ್ಟವ್ನೆ ದ್ಯಾವ್ರು. ಅದರ ಹಿಂದೆ ಕಿರುಚಾಡೋಕೆ ನಾಚಿಕೆ ಆಗಲ್ವಾ ಇವ್ಕೆ?" ಅನ್ನುತ್ತಿದ್ದ. "ಮಾತು ಜನಕ್ಕೆ ಕಣಪ್ಪ. ಅವ್ಳಿಗೆ ಬೆರಳು ಸಾಕು."

ಒಮ್ಮೆ ಸಾಹುಕಾರರ ಮನೆಯವರೆಲ್ಲ ಆನೆ ಕೆಲಸ ನೋಡಲು ಬಂದಿದ್ದರು. ಸಾಲಾಗಿ ಜಮಖಾನ ಹಾಸಿ ಊಟಕ್ಕೆ ಕೂತರು. ದಿಮ್ಮಿಯನ್ನು ಒಟ್ಟಿಲಿಗೆ ಸಾಗಿಸಬೇಕಾದರೆ ಆ ಜಮಖಾನದ ಪಕ್ಕದಲ್ಲೇ ಹಾಯಬೇಕು. ಬೊಮ್ಮಣ್ಣ ಮೇಲೆ ಕೂತು ಎಲೆಅಡಿಕೆ ಮಡಿಸುತ್ತಲೇ, ಎರಡೂ ಕೈಗೆ ಕೆಲಸವಿಟ್ಟುಕೊಂಡು, ಚಂದ್ರಿಯನ್ನು ಆ ಇಕ್ಕಟ್ಟಿನಲ್ಲಿ ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ ತಿರುಗಿಸಿಕೊಂಡು ಹೋದ. ಜಮಖಾನದ ಅಂಚು ಕೂಡ ಮಡಿಚಿಕೊಳ್ಳಲಿಲ್ಲ. ಸಾಹುಕಾರರ ತಾಯಿ, "ಆನೆ ತಾನೇ ಹೋಗ್ತಾ ಇದೆಯಲ್ಲಪ್ಪ, ಮೇಲೆ ಕೂತವನಿಗೆ ಯಾಕೆ ಸಂಬಳ?" ಅಂದರು. ಬೊಮ್ಮಣ್ಣ ಆ ಮಾತನ್ನು ತಿಂಗಳುಗಟ್ಟಲೆ ಎಲ್ಲರಿಗೂ ಹೇಳಿಕೊಂಡು ಬೀಗಿದ. ಅದಕ್ಕಿಂತ ದೊಡ್ಡ ಬಿರುದು ಯಾವ ಅರಮನೆಯವರೂ ಕೊಡಲಾರರು ಎನ್ನುವುದು ಅವನ ಎಣಿಕೆ.

ಇಂಥವನು ಒಂದು ಬೇಸಿಗೆಯಿಂದ ಬಾಯಿ ಮಾಡಲು ಶುರುಮಾಡಿದ.

ಮೊದಮೊದಲು ನನಗೆ ತಮಾಷೆ ಅನ್ನಿಸಿತು. ದೂರದಿಂದಲೇ ಅವನ ಗದರಿಕೆ ಕೇಳುತ್ತಿತ್ತು. "ಏನು ಬೊಮ್ಮಣ್ಣ, ನೀನೂ ಜನಗಳ ಭಾಷೆ ಕಲಿತೆಯಾ?" ಎಂದು ಕೆಣಕಿದೆ. "ವಯಸ್ಸಾಯ್ತು ಕಣಪ್ಪ ಇವಳಿಗೆ. ಬೆರಳ ಮಾತು ಕೇಳಾಕಿಲ್ಲ. ಬಲಕ್ಕೆ ಅಂದ್ರೆ ಯೋಚ್ನೆ ಮಾಡ್ತಾಳೆ" ಅಂದ. ಆನೆಗೆ ವಯಸ್ಸಾಯಿತೆಂದು ನಾವೆಲ್ಲ ನಂಬಿದೆವು. ಮೂವತ್ತು ದಾಟದ ಆನೆ ಅದು. ಕಾಡಿನಲ್ಲಿ ಹುಟ್ಟಿ ಬೆಳೆದ ಜನ, ಆನೆಯ ವಯಸ್ಸು ಕಣ್ಣಳತೆಯಲ್ಲೇ ಹೇಳುವ ಜನ, ಮಾವುತ ಹೇಳಿದನೆಂದು ಒಪ್ಪಿಬಿಟ್ಟೆವು. ಆನೆ ಕೆಲಸದವರ ಕಟ್ಟಳೆಯೇ ಅದು: ಕೆಲಸ ಕೆಟ್ಟರೆ ಮೊದಲು ಆನೆಯ ಬಾಯಿ ನೋಡು, ಕಾಲುಗುರು ನೋಡು, ಲದ್ದಿ ನೋಡು. ಮಾವುತನ ಕಾಲು ನೋಡು ಎಂದು ಯಾರೂ ಹೇಳಿಕೊಟ್ಟಿರಲಿಲ್ಲ.

ನೋಡಲು ಎಲ್ಲವೂ ಕಣ್ಣ ಮುಂದೆಯೇ ಇತ್ತು.

ಮಧ್ಯಾಹ್ನ ಊಟಕ್ಕೆ ಕೂತಾಗ ಅವನ ಎಡಗಾಲಿನ ಮೀನಖಂಡ ತನ್ನಷ್ಟಕ್ಕೆ ತಾನು ಅದುರುತ್ತಿತ್ತು, ನೊಣ ಕೂತ ಎತ್ತಿನ ಚರ್ಮ ಅದುರುವ ಹಾಗೆ. ಅವನೇ ಪಂಚೆ ಸರಿಸಿ ತೋರಿಸುತ್ತಿದ್ದ.

"ನೋಡ್ಲಾ ಜವರ, ಒಳಗೆ ಹುಳ ಹರಿದಾಡ್ದಂಗೆ ಐತೆ."

"ಮೀನಖಂಡ ಅಲ್ವಾ ಭಾವ, ಈಜ್ತಾ ಇರ್ತದೆ ಬುಡು" ಎಂದ ಜವರ. ನಾವೆಲ್ಲ ನಕ್ಕೆವು. ಬೊಮ್ಮಣ್ಣ ಎಲ್ಲರಿಗಿಂತ ಹೆಚ್ಚು ನಕ್ಕ.

ಅವನು ನಡೆದುಹೋದ ದೂಳಿನಲ್ಲಿ ಬಲಗಾಲಿನ ಗುರುತು ಅಚ್ಚುಕಟ್ಟಾಗಿರುತ್ತಿತ್ತು. ಎಡಗಾಲಿನ ಗುರುತಿನ ಮುಂದೆ ಮಾತ್ರ ಒಂದು ಗೀಟು, ಬೆರಳು ನೆಲ ಕೆರೆದುಕೊಂಡು ಹೋದ ಗೀಟು. ದಿನಾ ಆ ದಾರಿಯಲ್ಲಿ ದಿಮ್ಮಿ ಎಳೆದ ಗೀಟುಗಳನ್ನೇ ಲೆಕ್ಕ ಇಡುವ ನಾನು ಆ ಇನ್ನೊಂದು ಗೀಟನ್ನೂ ನೋಡಿದ್ದೆ. ಚಪ್ಪಲಿ ಹಾಕದ ಕಾಲು, ಮುಳ್ಳು ಚುಚ್ಚಿರಬೇಕು ಅಂದುಕೊಂಡೆ.

ಆಮೇಲೆ ಮಜ್ಜಿಗೆ ಕುಡಿಯುವಾಗ ನೆತ್ತಿಗೇರತೊಡಗಿತು. ಮುದ್ದೆ ಸಲೀಸಾಗಿ ಇಳಿಯುತ್ತಿತ್ತು, ನೀರು ಕೆಮ್ಮಿಸುತ್ತಿತ್ತು. ಕೆಲವು ಸಲ ಮೂಗಿನಿಂದ ಬರುತ್ತಿತ್ತು. "ಯಾರೋ ನೆನೆಸ್ಕೋತಾವ್ರೆ" ಎಂದು ಅವನ ಹೆಂಡತಿ ನಿಂಗಮ್ಮ ನೆತ್ತಿ ತಟ್ಟುತ್ತಿದ್ದಳು. "ಅಷ್ಟು ದಿನಾ ನೆನೆಸ್ಕೊಳ್ಳೋರು ಯಾರವ್ವ ಇವನ್ನ? ವಿಚಾರ್ಸು" ಎಂದು ನಾನು ಛೇಡಿಸುತ್ತಿದ್ದೆ.

ಮಳೆಗಾಲ ಕಳೆಯುವ ಹೊತ್ತಿಗೆ ಅವನ ಮಾತು ದಪ್ಪವಾಯಿತು. ಬಾಯಲ್ಲಿ ಬಿಸಿ ಗೆಣಸು ಇಟ್ಟುಕೊಂಡು ಮಾತಾಡಿದ ಹಾಗೆ. ಸಂಜೆ ಹೊತ್ತಿಗೆ ಇನ್ನೂ ತೊದಲು. ನಡಿಗೆ ತೂರಾಟ, ಮಾತು ತೊದಲು: ಇದಕ್ಕೆ ನಮ್ಮ ಸೀಮೆಯಲ್ಲಿ ಒಂದೇ ಅರ್ಥ. ಆಳುಗಳು ಹಿಂದಿನಿಂದ ಕಣ್ಣು ಹೊಡೆದುಕೊಳ್ಳತೊಡಗಿದರು. ಬೊಮ್ಮಣ್ಣ ಮಾದೇಶ್ವರನ ಒಕ್ಕಲು; ಹೆಂಡ ಮುಟ್ಟುವುದಿಲ್ಲವೆಂದು ಬೆಟ್ಟಕ್ಕೆ ಹೋಗಿ ಆಣೆ ಮಾಡಿ ಬಂದವನು. ಅದೆಲ್ಲ ನನಗೂ ಗೊತ್ತಿತ್ತು. ಗೊತ್ತಿದ್ದೂ ಒಂದು ಬೆಳಿಗ್ಗೆ ಹತ್ತು ಜನರ ಮುಂದೆ ಕೇಳಿಬಿಟ್ಟೆ:

"ಏನು ಬೊಮ್ಮಣ್ಣ, ಹೊತ್ತು ಹುಟ್ಟೋಕ್ ಮುಂಚೇನೆ ಹಾಕ್ಕೊಂಡು ಬಂದಿದ್ದೀಯ?"

ಅವನು ಸುಮ್ಮನೆ ನನ್ನ ಹತ್ತಿರ ಬಂದ. ಮುಖಕ್ಕೆ ಮುಖವಿಟ್ಟು ಉಸಿರು ಬಿಟ್ಟ. ಈರುಳ್ಳಿ, ಹುಳಿ ಮಜ್ಜಿಗೆ. "ಮೂಸ್ದಾ? ಬರ್ಕೋ ನಿನ್ ಬುಕ್ಕಿನಾಗೆ" ಅಂದ. ತಿರುಗಿ ಆನೆ ಹತ್ತಲು ಹೋದ. ಚಂದ್ರಿ ಮಡಿಸಿಕೊಟ್ಟ ಕಾಲಿನ ಮೇಲೆ ಎಡಗಾಲು ಊರಲು ಹೋಗಿ ಜಾರಿದ; ಜವರ ಹಿಂದಿನಿಂದ ಹಿಡಿದುಕೊಂಡ. ಆಳುಗಳು ನಕ್ಕರು. ನಾನು ನಗಲಿಲ್ಲ, ಆದರೆ ಅವನ ಉಸಿರು ಶುದ್ಧವಾಗಿದೆ ಎಂದು ಆ ಹತ್ತು ಜನರಿಗೆ ಹೇಳಲೂ ಇಲ್ಲ.

ಅದಾದ ಮೇಲೆ ಬೊಮ್ಮಣ್ಣ ಅಂಕುಶ ಬಳಸಿದ. ಬೆರಳು ಹೋಗಿ ಬಾಯಿ ಬಂದಿತ್ತು. ಬಾಯಿಯೂ ಹೋಗಿ ಕಬ್ಬಿಣ ಬಂತು. ಬಲಕ್ಕೆ ತಿರುಗದಿದ್ದಾಗಲೆಲ್ಲ ಎಡಗಿವಿಯ ಬುಡಕ್ಕೆ ಕೊಕ್ಕೆ ಹಾಕುತ್ತಿದ್ದ. ಚಂದ್ರಿ ತಲೆ ಕೊಡವಿ, ಬೆದರಿ, ಎಲ್ಲಿಗೆ ತಿರುಗಬೇಕೆಂದು ತಿಳಿಯದೆ ನಿಂತಲ್ಲೇ ಕುಣಿಯುತ್ತಿತ್ತು. ಕಿವಿಯಿಂದ ರಕ್ತ ಇಳಿದು ಕತ್ತಿನ ಮೇಲೆ ಕಪ್ಪಗೆ ಒಣಗಿರುತ್ತಿತ್ತು. ಸಂಜೆ ಅವನೇ ಅರಿಸಿನ, ಬೇವಿನೆಣ್ಣೆ ಹಚ್ಚುತ್ತಿದ್ದ. ಹಚ್ಚುತ್ತ ಅಳುತ್ತಿದ್ದ. ಅಳು ಬಂದರೆ ನಿಲ್ಲುತ್ತಿರಲಿಲ್ಲ. "ಹದಿನಾರು ವರ್ಷದ ಮೇಲೆ ಈಗ ಹೊಡೆದೆ ಅಂತ ಇಷ್ಟು ಅಳೋದಾ? ಮುಂಚೇನೇ ನಾಲ್ಕು ಬಿಟ್ಟಿದ್ರೆ ನೆಟ್ಟಗಿರ್ತಿತ್ತು" ಎಂದು ನಾನು ಬುದ್ಧಿ ಹೇಳಿದೆ.

ಆ ವರ್ಷದ ಸುಗ್ಗಿ ಮುಗಿದ ಮೇಲೆ, ಒಂದು ದಿನ ಚಂದ್ರಿ ಮತ್ತಿಯ ದಿಮ್ಮಿ ಎಳೆದುಕೊಂಡು ಬರುತ್ತಿತ್ತು. ಒಟ್ಟಿಲ ಹತ್ತಿರ ಬಲಕ್ಕೆ ಹೊರಳಬೇಕು. ನಾನು ಒಟ್ಟಿಲಿನ ಬುಡದಲ್ಲಿ ನಿಂತು ದಿಮ್ಮಿಗಳಿಗೆ ಗುರುತು ಹಾಕುತ್ತಿದ್ದೆ. ಬೊಮ್ಮಣ್ಣ ಏನೋ ಕೂಗಿದ. ಏನೆಂದು ನನಗೂ ತಿಳಿಯಲಿಲ್ಲ, ಆನೆಗೂ ತಿಳಿಯಲಿಲ್ಲ. ಆನೆ ಹೊರಳಲಿಲ್ಲ, ನೇರ ಬಂತು. ಎಳೆದ ದಿಮ್ಮಿ ಒಟ್ಟಿಲಿಗೆ ಬಡಿಯಿತು, ಮೇಲಿನ ದಿಮ್ಮಿಗಳು ಉರುಳಿದವು. ನನ್ನ ಬಲಗಾಲು ಮಂಡಿಯ ಕೆಳಗೆ ಎರಡು ಕಡೆ ಮುರಿಯಿತು.

ಹುಣಸೂರಿನ ಬಳಿ ಗುರುಪುರದ ನಮ್ಮ ಮನೆಗೆ ನನ್ನನ್ನು ಗಾಡಿಯಲ್ಲಿ ತಂದರು. ನಾಟಿ ವೈದ್ಯರು ಬಿದಿರ ದಬ್ಬೆ ಕಟ್ಟಿದರು. ನೋವು ಒಂದು ಕಡೆ, ಸಿಟ್ಟು ಒಂದು ಕಡೆ. ಮೂರನೆಯ ದಿನ ಮಲಗಿದಲ್ಲೇ ಹಲಗೆ ತರಿಸಿಕೊಂಡು ನನ್ನ ದುಂಡಕ್ಷರದಲ್ಲಿ ಸಾಹುಕಾರರಿಗೆ ಬರೆದೆ: ಆನೆ ಮಾವುತನ ಮಾತು ಕೇಳುತ್ತಿಲ್ಲ, ಜನರ ಮೇಲೆ ತಿರುಗಿದೆ, ಇಟ್ಟುಕೊಂಡರೆ ಇನ್ನೂ ಜೀವ ಹೋಗುತ್ತದೆ. ಸಾಹುಕಾರರು ನನ್ನ ಬರಹ ನಂಬುವವರು. ಚಂದ್ರಿಯ ನಾಲ್ಕೂ ಕಾಲಿಗೆ ಸರಪಳಿ ಹಾಕಿಸಿದರು. ಬರುವ ಸೋಮವಾರ ಕೋವಿಯವನನ್ನು ಕರೆಸಿ ಹೊಡೆಸಿಬಿಡುವುದೆಂದು ತೀರ್ಮಾನವಾಯಿತು.

ಗುರುವಾರ ಬೊಮ್ಮಣ್ಣ ಮರ ಸಾಗಿಸುವ ನಾಟಾ ಗಾಡಿಯಲ್ಲಿ ಕೂತು ನಮ್ಮ ಮನೆಗೆ ಬಂದ. ಹೊಸಿಲು ಎಡವಿ, ಬಾಗಿಲ ತೋಳು ಹಿಡಿದು ಸಾವರಿಸಿಕೊಂಡ. ನನ್ನ ಮಂಚದ ಪಕ್ಕ ಮುಕ್ಕಾಲಿ ಎಳೆದುಕೊಂಡು ಕೂತ. ಅವನ ಮಾತನ್ನು ಈಗ ಬಿಡಿಸಿಕೊಂಡು ಕೇಳಬೇಕಾಗಿತ್ತು. ಇಲ್ಲಿ ನೆಟ್ಟಗೆ ಬರೆಯುತ್ತೇನೆ.

"ಆ ಕಾಗ್ದ ವಾಪಸ್ ತಗೋ ಮೇಸ್ತ್ರಿ. ಅವ್ಳು ಕೆಟ್ಟೋಳಲ್ಲ."

"ಕಾಲು ಮುರಿದಿರೋದು ನಂದು ಬೊಮ್ಮಣ್ಣ. ನೀನು ತಿರುಗಿಸಿದೆ, ಅದು ತಿರುಗಲಿಲ್ಲ. ಹೌದೋ ಅಲ್ಲವೋ?"

"ತಿರುಗಿಸ್ದೆ."

"ಒತ್ತಿದೆಯಾ?"

"ಒತ್ತದೆ ಇರ್ತೀನಾ?"

"ಹೇಗೆ ಒತ್ತಿದೆ, ತೋರಿಸು" ಎಂದು ಮಂಚದಿಂದ ಅಂಗೈ ಚಾಚಿದೆ. ಹಟಕ್ಕೆ ಚಾಚಿದ್ದು. ಕೋರ್ಟಿನಲ್ಲಿ ವಕೀಲ ಸಾಕ್ಷಿಯನ್ನು ಕೇಳುವ ಹಾಗೆ.

ಅವನು ಹಿಂಜರಿದ. "ಮಲಗಿರೋರ ಮೈಗೆ ಕಾಲು ಮುಟ್ಟಿಸಬಾರ್ದು ಕಣಪ್ಪ."

"ಇಡು ಅಂದೆನಲ್ಲ."

ಬಲಗಾಲು ಇಟ್ಟ. ಹೆಬ್ಬೆರಳು ಒತ್ತಿದ ಕೂಡಲೇ ಅಂಗೈ ಮೂಳೆ ನೊಂದು ಕೈ ಎಳೆದುಕೊಂಡೆ. "ಹೂಂ, ಇನ್ನೊಂದು" ಅಂದೆ.

ಎಡಗಾಲನ್ನು ಎರಡು ಕೈಯಿಂದ ಎತ್ತಿ ನನ್ನ ಅಂಗೈ ಮೇಲೆ ಇಟ್ಟ. ಕಾಯುತ್ತಿದ್ದೆ. ಹಿಮ್ಮಡಿಯ ಭಾರ ಬಿಟ್ಟರೆ ಬೇರೇನೂ ತಿಳಿಯಲಿಲ್ಲ.

"ಒತ್ತು ಬೊಮ್ಮಣ್ಣ."

"ಒತ್ತಿದ್ದೀನಿ."

ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡೆ. ತಲೆ ಎತ್ತಿ ನೋಡಿದರೆ ಅವನ ಹಣೆಯ ಮೇಲೆ ಬೆವರು ಕಟ್ಟಿತ್ತು. ಕತ್ತಿನ ನರ ಉಬ್ಬಿತ್ತು. ಬಲದ ತೊಡೆ, ಹೆಗಲು, ದವಡೆ, ಇಡೀ ಮೈ ಒತ್ತುತ್ತಿತ್ತು. ಬೆರಳು ಮಾತ್ರ ನನ್ನ ಕೈ ಮೇಲೆ ಸುಮ್ಮನೆ ಬಿದ್ದಿತ್ತು, ಬೇರೆ ಯಾರದೋ ಬೆರಳಿನ ಹಾಗೆ. ಆಗ ನಾನು ಅವನ ಮೀನಖಂಡ ನೋಡಿದೆ. ರಾಗಿ ಸುರಿದುಕೊಂಡ ಮೇಲೆ ಮೂಲೆಗೆ ಎಸೆದ ಚೀಲದ ಹಾಗೆ ಜೋತುಬಿದ್ದಿತ್ತು. ಅವನ ಕೈ ನೋಡಿದೆ. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಇರಬೇಕಾದ ಮಾಂಸ ಇಳಿದು ಗುಳಿ ಬಿದ್ದಿತ್ತು. ದಿನಾ ಎದುರಿಗೆ ಉಂಡವನ ಕೈ ಅದು.

ಬೊಮ್ಮಣ್ಣ ಕಾಲನ್ನು ತನ್ನ ಮಡಿಲಿಗೆ ಎತ್ತಿಕೊಂಡು, ತನ್ನ ಅಂಗೈಯನ್ನೇ ಬೆರಳಿನ ಕೆಳಗಿಟ್ಟು, ಮತ್ತೆ ಮತ್ತೆ ಒತ್ತಿ ನೋಡಿದ. ತನಗೇನು ಬಂದಿದೆ ಎಂದು ಅವನು ಕೇಳಲಿಲ್ಲ.

"ಅಂಗಾದ್ರೆ ನಾನು ಅವ್ಳಿಗೆ ಹೇಳೇ ಇಲ್ಲ" ಅಂದ. ಸ್ವಲ್ಪ ಹೊತ್ತಾದ ಮೇಲೆ, "ಹೇಳ್ದೆ ಹೊಡ್ದೆ" ಅಂದ.

ಅಡಿಗೆ ಮನೆಯಿಂದ ನಮ್ಮವ್ವ ಮಜ್ಜಿಗೆ ತಂದಿಟ್ಟಳು. ಯಾರೂ ಮುಟ್ಟಲಿಲ್ಲ.

ಅವತ್ತೇ ಇನ್ನೊಂದು ಕಾಗದ ಬರೆದೆ. ತಪ್ಪು ಆನೆಯದಲ್ಲ, ಮಾವುತನ ಕಾಲಿಗೆ ಏನೋ ಕಾಯಿಲೆ, ಕೋವಿಯವನನ್ನು ಕರೆಸಬೇಡಿ. ಸಾಹುಕಾರರು ಅದನ್ನು ತಂದವನ ಕೈಯಲ್ಲೇ ಹೇಳಿ ಕಳಿಸಿದರು: ಒಂದೇ ವಾರದಲ್ಲಿ ಎರಡು ತರಹ ಬರೆಯುವವನ ಅಕ್ಷರ ಎಷ್ಟು ಚೆಂದವಿದ್ದರೇನು. ಅಷ್ಟು ಮಾತು ನನಗೆ ಬೇಕಿತ್ತು. ಶನಿವಾರ ಗಾಡಿಗೆ ಹುಲ್ಲು ಹಾಸಿಸಿ, ದಬ್ಬೆ ಕಟ್ಟಿದ ಕಾಲಿನ ಸಮೇತ ಮಲಗಿಕೊಂಡು ಅಂತರಸಂತೆಯ ಕಾಡಿಗೆ ಹೊರಟೆ. ದಾರಿಯ ಪ್ರತಿ ಹಳ್ಳವೂ ನನ್ನ ಮೂಳೆಯ ಮೇಲೇ ಹಾದುಹೋಯಿತು.

ಸೋಮವಾರ ಬೆಳಿಗ್ಗೆ ಸಾಹುಕಾರರು ಬಂದರು. ಕೋವಿಯವನೂ ಬಂದಿದ್ದ. ಚಂದ್ರಿ ಸರಪಳಿಯಲ್ಲಿ ನಿಂತಿತ್ತು, ಕಿವಿ ಊದಿತ್ತು.

"ಮಾವುತನೇ ಹತ್ತಿ ಕೂತು ತಿರುಗಿಸಿ ತೋರಿಸಲಿ" ಎಂದರು ಸಾಹುಕಾರರು.

"ನಾನು ಕೂತ್ರೆ ತಿರುಗಾಕಿಲ್ಲ ಬುದ್ಧಿ. ಅದ್ನೇ ನಾ ಹೇಳ್ತಿರೋದು" ಅಂದ ಬೊಮ್ಮಣ್ಣ. "ಜವರ ಕೂರಲಿ."

ಸಾಹುಕಾರರಿಗೆ ಅವನ ಮಾತು ತಿಳಿಯಲಿಲ್ಲ. ನನ್ನ ಕಡೆ ನೋಡಿ, "ಇಷ್ಟು ಹೊತ್ತಿಗೇ ಕುಡಿದಿದ್ದಾನಲ್ಲಯ್ಯ. ಇವನ ಮಾತು ಕೇಳಿ ಆನೆ ಉಳಿಸಬೇಕಾ?" ಎಂದರು.

ಹತ್ತು ಜನರ ಮುಂದೆ ಆಡಬೇಕಾಗಿದ್ದ ಮಾತನ್ನು ಆಗ ಆಡಿದೆ. "ಅವನು ಕುಡಿಯೋನಲ್ಲ ಸಾಹುಕಾರ್ರೇ. ನಾನೇ ಅವನ ಬಾಯಿ ಮೂಸಿ ನೋಡಿದ್ದೀನಿ. ನೋಡಿಯೂ ಸುಮ್ಮನಿದ್ದೆ. ಆ ಮಾತು ನಾಲಗೆಯ ಕಾಯಿಲೆಯದು." ಆಳುಗಳು ನೆಲ ನೋಡುತ್ತ ನಿಂತರು.

ಜವರ ಹತ್ತಿ ಕೂತ. ಸರಪಳಿ ಬಿಚ್ಚಿದರು. ಕೋವಿಯವನು ಮರದ ಮರೆಯಲ್ಲಿ ನಿಂತ. ಜವರನ ತುಟಿ ಅಲುಗಲಿಲ್ಲ, ಎಡಗಾಲ ಬೆರಳೊಂದು ಕಿವಿಯ ಹಿಂದೆ ತುಸು ಅಲುಗಿತು. ಚಂದ್ರಿ ಬಲಕ್ಕೆ ತಿರುಗಿತು. ಎಣ್ಣೆ ಹಾಕಿದ ಬಾಗಿಲು ತಿರುಗಿದ ಹಾಗೆ. ಎಡಕ್ಕೆ, ಮತ್ತೆ ಬಲಕ್ಕೆ. ಒಂದು ವರ್ಷದಿಂದ ಆ ಒಂದು ಬೆರಳಿಗಾಗಿ ಕಾದುಕೊಂಡಿದ್ದಂತೆ ಮತ್ತೆ ಮತ್ತೆ ಬಲಕ್ಕೆ ತಿರುಗಿತು.

ಸಾಹುಕಾರರು ಕೋವಿಯವನಿಗೆ ಹೋಗೆಂದು ಕೈಸನ್ನೆ ಮಾಡಿ, "ಆನೆ ಇರಲಿ. ಬೊಮ್ಮ, ನೀನು ಇನ್ನು ಹತ್ತಬೇಡ" ಎಂದರು.

"ಇಲ್ಲ ಬುದ್ಧಿ" ಅಂದ ಅವನು. ಹದಿನೇಳು ವರ್ಷದ ಕೆಲಸ ಅಷ್ಟರಲ್ಲೇ ಮುಗಿಯಿತು. ಜವರ ಇಳಿದು ಬಂದಾಗ ತನ್ನ ಹೆಗಲ ಮೇಲಿನ ಅಂಕುಶ ಅವನಿಗೆ ಕೊಟ್ಟು, "ಇದ್ನ ಮನೇಲಿ ಮಡಗು, ಕೆಲಸಕ್ಕೆ ತರಬ್ಯಾಡ" ಅಂದ. ಚಂದ್ರಿಯ ಹತ್ತಿರ ಹೋಗಲಿಲ್ಲ. ಅದು ಸೊಂಡಿಲು ಚಾಚಿದರೂ ಹೋಗಲಿಲ್ಲ.

ನನ್ನ ಕಾಲು ಕೂಡಿಕೊಂಡ ಮೇಲೆ ಅವನನ್ನು ಮೈಸೂರಿಗೆ ಕರೆದುಕೊಂಡು ಹೋದೆ. ನನ್ನ ಕಂಕುಳಲ್ಲಿ ಒಂದು ಊರುಗೋಲು, ಅವನ ಕೈಯಲ್ಲಿ ಒಂದು. ಬಸ್ಸಿನವನು, "ಇಬ್ಬರೂ ಸೇರಿ ಒಂದೇ ಟಿಕೇಟು ತಗೊಳ್ಳಿ" ಎಂದು ನಗೆಯಾಡಿದ. ಅಲ್ಲಿ ಒಬ್ಬ ವಯಸ್ಸಾದ ಡಾಕ್ಟರು ಅವನನ್ನು ಒಂದು ಗಂಟೆ ನೋಡಿದರು. ಸೂಜಿಯಿಂದ ಕಾಲಿಗೆ ಚುಚ್ಚಿ ನೋವಾಗುತ್ತದೆಯೇ ಎಂದು ಕೇಳಿದರು.

"ಚುಚ್ಚಿದ್ರೆ ನೋವಾಗ್ದೆ ಇರ್ತದಾ ಸ್ವಾಮಿ?" ಅಂದ ಬೊಮ್ಮಣ್ಣ.

ರಬ್ಬರಿನ ಸುತ್ತಿಗೆಯಿಂದ ಮಂಡಿ ತಟ್ಟಿದರು. ಒಂದು ಬೆರಳು ಒತ್ತಲಾರದ ಕಾಲು ತಾನಾಗಿ ಒದ್ದುಕೊಂಡು ಮೇಲೆ ಹಾರಿತು. ನಾನು ಬೆಚ್ಚಿ ಹಿಂದಕ್ಕೆ ಸರಿದೆ. ನಾಲಗೆ ತೆಗೆಸಿದರು. ಅದು ಬಾಯೊಳಗೆ ಸುಮ್ಮನೆ ಮಲಗಿದ್ದಾಗಲೂ ಅದರ ಮೈಯೆಲ್ಲ ಮಿಸುಕಾಡುತ್ತಿತ್ತು, ಒಂದು ಹಿಡಿ ಎರೆಹುಳ ಕಟ್ಟಿಟ್ಟ ಹಾಗೆ. ಕಾಲಿನಲ್ಲಿ ಇದನ್ನೇ ನೋಡಿ ನಾವು ನಕ್ಕಿದ್ದೆವು.

ಡಾಕ್ಟರು ಒಂದೊಂದಾಗಿ ಕೇಳಿದರು. ಕಾಲ ಬೆರಳು ನೆಲಕ್ಕೆ ತಗಲುತ್ತಿತ್ತೇ? ಮಾಂಸ ಅದುರುತ್ತಿತ್ತೇ? ನೀರು ನೆತ್ತಿಗೇರುತ್ತಿತ್ತೇ? ಮಾತು ಸಂಜೆ ಹೊತ್ತಿಗೆ ಹೆಚ್ಚು ತೊದಲುತ್ತಿತ್ತೇ? ಕಾರಣವಿಲ್ಲದೆ ಅಳು, ನಗು ಬರುತ್ತಿತ್ತೇ? ಅವನ ಬದಲು ನಾನೇ ಉತ್ತರ ಹೇಳುತ್ತಿದ್ದೆ. ಹೌದು, ಹೋದ ಬೇಸಿಗೆಯಿಂದ. ಹೌದು, ಅದಕ್ಕೂ ಮುಂಚೆಯಿಂದ. ಹೌದು, ಮಳೆಗಾಲದಿಂದ. ಹೇಳುತ್ತ ಹೇಳುತ್ತ ನನ್ನ ದನಿ ನನಗೇ ಬೇರೆ ಯಾರದೋ ಅನ್ನಿಸತೊಡಗಿತು. ಒಂದೂ ನನ್ನ ಕಣ್ಣು ತಪ್ಪಿಸಿರಲಿಲ್ಲ. ಒಂದೊಂದಕ್ಕೂ ನಾವೇ ಒಂದೊಂದು ಹೆಸರಿಟ್ಟಿದ್ದೆವು: ಮುಳ್ಳು, ಮೀನು, ನೆನಪು, ಹೆಂಡ, ಹೆಂಗರುಳು.

ಮಿದುಳಿನ ಅಪ್ಪಣೆಯನ್ನು ಮಾಂಸಕ್ಕೆ ಮುಟ್ಟಿಸುವ ನರಗಳು ಒಂದೊಂದಾಗಿ ಸಾಯುತ್ತಿವೆ ಎಂದರು ಡಾಕ್ಟರು. ಅಂಟುಜಾಡ್ಯವಲ್ಲ. ಯಾರ ಮಾಟವೂ ಅಲ್ಲ. ಬುದ್ಧಿಗೆ, ಕಣ್ಣಿಗೆ, ಕಿವಿಗೆ ಏನೂ ಆಗುವುದಿಲ್ಲ. ಔಷಧವಿಲ್ಲ. ಒಂದೆರಡು ವರ್ಷ.

"ಮುಂಚೆಯೇ ಬಂದಿದ್ದರೆ?" ಎಂದು ಕೇಳಿದೆ.

"ಗುಣ ಮಾಡೋದಕ್ಕೆ ಆಗ್ತಿರಲಿಲ್ಲ. ಗೊತ್ತಾಗಿರ್ತಿತ್ತು, ಅಷ್ಟೆ" ಎಂದರು.

ಅಷ್ಟೆ ಎಂದು ಅವರು ಅಂದದ್ದು ಎಷ್ಟೆಂದು ನಮ್ಮಿಬ್ಬರಿಗೇ ಗೊತ್ತಿತ್ತು.

ವಾಪಸು ಬರುವಾಗ ಬಸ್ಸಿನಲ್ಲಿ ಅವನು ಕಿಟಕಿಯ ಹೊರಗೆ ನೋಡುತ್ತ ಕೂತಿದ್ದ. ಇಲವಾಲ ದಾಟಿದ ಮೇಲೆ ಮೆಲ್ಲಗೆ, ಒಂದೊಂದೇ ಮಾತು ಜೋಡಿಸಿಕೊಂಡು ಹೇಳಿದ: "ಡಾಕ್ಟ್ರು ಹೇಳಿದ್ದು ತಿಳೀತು ಕಣಪ್ಪ ನಂಗೆ. ಒಳಗೆ ಮಾವುತ ಕೂತವ್ನೆ. ಕೆಳಗೆ ಆನೆ ಐತೆ. ನಡುವೆ ಕಾಲು ಸತ್ತೋಗೈತೆ." ಕಾಯಿಲೆಯ ವಿಚಾರ ಆಮೇ‌ಲೆ ಎಷ್ಟೋ ಜನ ನನ್ನನ್ನು ಕೇಳಿದ್ದಾರೆ. ನಾನು ಈ ಮಾತನ್ನೇ ಹೇಳುತ್ತೇನೆ.

ಒಂದೂವರೆ ವರ್ಷ ಇದ್ದ. ಮೊದಲು ಬಲಗಾಲು, ಆಮೇಲೆ ಕೈಗಳು. ಕಡೆಯ ಸಲ ನಾನು ಅಂತರಸಂತೆಯ ಅವನ ಮನೆಗೆ ಹೋದಾಗ ಕಾರ್ತಿಕ ಮಾಸ. ಗೋಡೆಗೆ ಒರಗಿಸಿ ಕೂರಿಸಿದ್ದರು. ತಲೆ ನಿಲ್ಲದೆ ವಾಲುತ್ತಿತ್ತು, ನಿಂಗಮ್ಮ ಕತ್ತಿಗೆ ಸೀರೆಯ ಸಿಂಬೆ ಮಾಡಿ ಇಟ್ಟಿದ್ದಳು. ನೀರಿಗೂ ರಾಗಿ ಹಿಟ್ಟು ಕದಡಿ ಗಟ್ಟಿ ಮಾಡಿ ಚಮಚದಲ್ಲಿ ಹಾಕುತ್ತಿದ್ದಳು. ಹಾಗೆ ಮಾಡಿದರೆ ನೆತ್ತಿಗೇರುವುದಿಲ್ಲವೆಂದು ತಾನೇ ಕಂಡುಕೊಂಡಿದ್ದಳು. ಮೈಯಲ್ಲಿ ಮೂಳೆ ಬಿಟ್ಟು ಏನೂ ಉಳಿದಿರಲಿಲ್ಲ. ಕಣ್ಣು ಮಾತ್ರ ಹಳೆಯ ಬೊಮ್ಮಣ್ಣನದು. ನನ್ನನ್ನು ಕಂಡು ಗಂಟಲಿನಿಂದ ಏನೋ ಅಂದ.

"ಕಿವಿ ಎಂಗೈತೆ ಅಂತ ಕೇಳ್ತಾವ್ರೆ" ಅಂದಳು ನಿಂಗಮ್ಮ. "ಯಾರು ಬಂದ್ರೂ ಇದೊಂದೇ. ಜವರನ್ನ ದಿನಾ ಕೇಳ್ತಾರೆ. ಅವ್ನ ಮಾತು ನಂಬಾಕಿಲ್ಲ. ನೀವು ಹೇಳಿ ಮೇಸ್ತ್ರಪ್ಪ."

ಚಂದ್ರಿಯ ಕಿವಿಯ ಬುಡದಲ್ಲಿ ಬೆರಳು ತೂರುವಷ್ಟು ತೂತು ಉಳಿದಿತ್ತು. ಹುಣ್ಣು ಮಾಗಿತ್ತು, ತೂತು ಮುಚ್ಚಿರಲಿಲ್ಲ.

"ಮುಚ್ಚೋಗಿದೆ ಬೊಮ್ಮಣ್ಣ. ಗುರುತೂ ಇಲ್ಲ" ಅಂದೆ.

ಅವನು ನನ್ನ ಮುಖವನ್ನೇ ನೋಡಿದ. ಮತ್ತೆ ಗಂಟಲಿನಿಂದ ಒಂದು ಸದ್ದು. ನಿಂಗಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದಳು.

"ಏನಂತೆ?"

"ಬರ್ದು ಕೊಡು ಅಂತಾವ್ರೆ."

ಅವನು ನಗತೊಡಗಿದ. ಆ ಕಾಯಿಲೆಯ ನಗು, ಶುರುವಾದರೆ ನಿಲ್ಲದ್ದು. ಮೈ ಅಲುಗದೆ ಗಂಟಲು ಮಾತ್ರ ನಗುತ್ತಿತ್ತು, ಕಣ್ಣಿನಿಂದ ನೀರು ಇಳಿಯುತ್ತಿತ್ತು. ನಗುವೋ ಅಳುವೋ ನನಗೆ ತಿಳಿಯಲಿಲ್ಲ, ನಿಂಗಮ್ಮನಿಗೂ ತಿಳಿಯಲಿಲ್ಲವೆಂದು ಕಾಣುತ್ತದೆ. ಅವಳು ಸುಮ್ಮನೆ ಅವನ ಗಲ್ಲ ಒರೆಸುತ್ತ ಕೂತಿದ್ದಳು. ನಾನು ಬರೆದು ಕೊಡಲಿಲ್ಲ. ಬಾಯಲ್ಲಿ ಆಡಿದ ಹಾಗೆ ಅದನ್ನು ಕಾಗದದ ಮೇಲೆ ಹಾಕಲು ಕೈ ಬರಲಿಲ್ಲ. ಅಲ್ಲಿಂದ ಇಪ್ಪತ್ತು ದಿನಕ್ಕೆ ಅವನು ಹೋದ ಸುದ್ದಿ ಬಂತು.

ಆಮೇಲೆ ಹತ್ತು ವರ್ಷದ ಮೇಲಾಯಿತು. ಸಾಹುಕಾರರ ಕೆಲಸ ಬಿಟ್ಟು ನಾನೇ ಗಾಡಿ ಇಟ್ಟೆ. ಈಗ ನನಗಿರುವುದು ಎತ್ತಿನ ಗಾಡಿ ಮೂರು, ಎತ್ತು ಆರು, ಗುರುಪುರದಲ್ಲಿ ಹೆಂಚಿನ ಮನೆ ಒಂದು, ಹೆಂಡತಿ, ಓದುತ್ತಿರುವ ಮಕ್ಕಳು ಇಬ್ಬರು, ಸರಿಯಿರುವ ಕಾಲು ಒಂದು, ಎರಡು ಅಂಗುಲ ಗಿಡ್ಡವಾದದ್ದು ಒಂದು.